ಕಿರಿಯನ ತುತ್ತು

ರೆಸಾರ್ಟಿನ ಅಡುಗೆಮನೆಯ ಹಿಂದೆ, ಖಾಲಿ ಗ್ಯಾಸ್ ಸಿಲಿಂಡರುಗಳ ನಡುವೆ, ಏಚರಸ ಕೂತು ಟೀ ಕುಡಿಯುತ್ತಿದ್ದ.

ತಲೆಯ ಮೇಲೆ ಥರ್ಮೋಕೋಲಿನ ಕಿರೀಟ. ಮೈಮೇಲೆ ಮಿರಮಿರ ಹೊಳೆಯುವ ಪಾಲಿಯೆಸ್ಟರ್ ರೇಷ್ಮೆ. ಎಡಗಡೆಯ ಮೀಸೆ ಮುಖದ ಮೇಲಿತ್ತು, ಬಲಗಡೆಯದು ಕೈಯಲ್ಲಿತ್ತು. ಎಂಟುನೂರು ವರ್ಷದ ಹಿಂದೆ ಅಣ್ಣನ ಜೊತೆ ಒಂದೇ ಹಲಗೆಯ ಮೇಲೆ ಕೂತು ಬೀರಗುಂದವನ್ನು ಆಳಿದ ಹುಡುಗ ಅರಸ, ಈಗ ಕೊತ್ತಂಬರಿ ಕ್ರೇಟಿನ ಮೇಲೆ ಕಾಲು ಚಾಚಿ ಕೂತಿದ್ದ.

ವಿನುತಾಳ ಮೂಗು ಸುಕ್ಕುಗಟ್ಟಿತು. ಅವಳ ಮೂಗು ಹಾಗೇ. ಮನಸ್ಸಿಗಿಂತ ಮೊದಲು ಅದಕ್ಕೇ ಎಲ್ಲವೂ ಗೊತ್ತಾಗಿಬಿಡುತ್ತಿತ್ತು.

"ಅಂತೂ ಬಂದ್ರಲ್ಲ ಮಾರಾಯ್ರೆ," ಎಂದ ಅವನು. "ಹಿಡೀರಿ ಇದನ್ನ."

ಕೊಟ್ಟದ್ದು ಮೀಸೆ. ಬೆವರಿನಲ್ಲಿ ನೆನೆದು, ಅಂಟಿನಲ್ಲಿ ಜಿಗುಟಾಗಿ, ಸತ್ತ ಕಂಬಳಿಹುಳದಂತೆ ಅವಳ ಅಂಗೈಯಲ್ಲಿ ಬಿತ್ತು. ಅವಳು ಅದನ್ನು ಸಿಲಿಂಡರಿನ ಮೇಲೆ ಕೊಡವಿ, ಕೈಯನ್ನು ಮೈಯಿಂದ ದೂರ ಹಿಡಿದು ನಿಂತಳು.

"ನಾನು ಮೇಕಪ್ಪಿನವಳಲ್ಲ ರೀ."

"ಮತ್ತೆ?"

"ಈ ನಾಟಕ ಬರೆದವಳು."

ಅವನು ಎದ್ದುನಿಂತ. ಕಿರೀಟ ಜಾರಿತು, ಹಿಡಿದುಕೊಂಡ. ಒಂದು ಕ್ಷಣ ನಾಚಿಕೊಂಡಂತೆ ಕಂಡ. ಆಮೇಲೆ ಅರ್ಧ ಕುಡಿದ ಟೀ ಲೋಟವನ್ನೇ ಅವಳ ಮುಂದೆ ಚಾಚಿದ.

"ಹಾಗಾದ್ರೆ ಕೋಪ ಮಾಡ್ಕೊಳ್ಬೇಡಿ. ಟೀ ತಗೊಳ್ಳಿ. ಬೇರೆ ಲೋಟ ಇಲ್ಲ, ಈ ಕಡೆಯಿಂದ ನಾನು ಕುಡೀಲಿಲ್ಲ."

ಎಂಜಲು ಟೀ. ವಿನುತಾ ಒಂದು ಹೆಜ್ಜೆ ಹಿಂದೆ ಸರಿದಳು. ಚಿಕ್ಕವಳಿದ್ದಾಗಿನಿಂದಲೂ ಅವಳಿಗೆ ಎಂಜಲೆಂದರೆ ಆಗದು. ಕ್ಲಾಸಿನಲ್ಲಿ ಬೇರೆಯವರು ಕುಡಿದ ಬಾಟಲಿ ಮುಟ್ಟಿದವಳಲ್ಲ; ಅಮ್ಮ ಊದಿ ಆರಿಸಿದ ಹಾಲನ್ನೂ ಚೆಲ್ಲಿದವಳು.

"ಬೇಡ."

"ಅಯ್ಯೋ, ನಿಮ್ಮ ಮೂಗು," ಎಂದ ಅವನು, ತೀರ ಗಂಭೀರವಾಗಿ. "ಎಂತ ಚಂದ ಸುಕ್ಕಾಗ್ತದೆ."

ಅವಳು ತಿರುಗಿ ಹೊರಟಳು. ಹಿಂದಿನಿಂದ ಅವನ ದನಿ ಬಂತು. "ನನ್ನ ಹೆಸರು ದೀಕ್ಷಿತ್. ಊರು ಸಂಪಾಜೆ." ಯಾರು ಕೇಳಿದ್ದರು ಅವನ ಹೆಸರನ್ನು?

ರೆಸಾರ್ಟಿನ ಹೆಸರು 'ಎರಡರಸು ಹೆರಿಟೇಜ್'. ಬಾಗಿಲಲ್ಲಿ ಎರಡು ಫೈಬರ್ ಆನೆಗಳು, ಸೊಂಡಿಲಲ್ಲಿ ಸ್ಯಾನಿಟೈಸರ್ ಬಾಟಲಿ. ಕೊಳದಲ್ಲಿ ಪ್ಲಾಸ್ಟಿಕ್ ಕಮಲ. ಅದರ ಮೇಲೆ ಕೂತ ಕಪ್ಪೆ ಮಾತ್ರ ಅಸಲಿ. ಹನಿಮೂನಿಗೆ ಬಂದ ಜೋಡಿಗಳು ಅರಸ-ಅರಸಿಯ ವೇಷ ತೊಟ್ಟು, ಬಾಡಿಗೆ ಸಿಂಹಾಸನದಲ್ಲಿ ಕೂತು, ತುಟಿ ಮುಂದೆ ಮಾಡಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಹಿಂದಿನ ಜೋಡಿಯ ಬೆವರು ಆರುವ ಮೊದಲೇ ಅದೇ ರವಿಕೆಯನ್ನು ಮುಂದಿನವಳು ಹಾಕಿಕೊಳ್ಳುತ್ತಿದ್ದಳು. ನೋಡಿದಷ್ಟೂ ವಿನುತಾಳಿಗೆ ವಾಕರಿಕೆ ಬರುತ್ತಿತ್ತು.

ಹಾಗಿದ್ದೂ ಅವಳು ಇಲ್ಲಿಗೆ ಬರುತ್ತಿದ್ದಳು, ಯಾಕೆಂದರೆ ರೆಸಾರ್ಟು ಅನಿಲ್‌ಕುಮಾರನದು.

ಅನಿಲ್ ಸ್ವಚ್ಛ ಮನುಷ್ಯ. ಉಗುರು ಸ್ವಚ್ಛ, ಕಾಲರ್ ಸ್ವಚ್ಛ, ಮಾತು ಸ್ವಚ್ಛ. ಹತ್ತಿರ ಬಂದರೆ ನಿಂಬೆಯ ಪರಿಮಳ. ಶನಿವಾರಸಂತೆಯ ಕಾಲೇಜಿನಲ್ಲಿ ಇತಿಹಾಸ ಹೇಳುವ ವಿನುತಾಳಿಗೆ ಬಂದ ವರಗಳಲ್ಲಿ ಒಬ್ಬ ಹಲ್ಲಿನ ಸಂದಿಯಿಂದ ಅಡಿಕೆ ಚೂರು ತೆಗೆದು ತೋರಿಸಿದ್ದ, ಇನ್ನೊಬ್ಬ ಕಾಫಿಯನ್ನು ಸೊರ್ ಎಂದು ಹೀರಿದ್ದ. ಅಸಹ್ಯ ಹುಟ್ಟಿಸದ ಗಂಡಸು ಎಂದು ಅವಳಿಗೆ ಸಿಕ್ಕಿದವನು ಅನಿಲ್ ಒಬ್ಬನೇ. ಅದನ್ನೇ ಪ್ರೀತಿ ಎಂದುಕೊಳ್ಳಲು ಅವಳು ಕಷ್ಟಪಟ್ಟು ಅಭ್ಯಾಸ ಮಾಡುತ್ತಿದ್ದಳು.

ಅವಳ ಅಮ್ಮ ಸರ್ವಮಂಗಳಮ್ಮನಿಗೆ ಅಂಥ ಅಭ್ಯಾಸ ಬೇಕಿರಲಿಲ್ಲ.

"ನೋಡೇ, ಆ ಹುಡ್ಗ ಯಾವತ್ತಾದ್ರೂ ನಿನಗಿಂತ ಮೊದ್ಲು ತಿಂದಿದಾನಾ? ಹೊಸಾದು ಏನೇ ಬರ್ಲಿ, ಮೊದ್ಲು ನಿನ್ನ ಮುಂದೆ ಇಡ್ತಾನೆ. ನೀನು ತಿಂದಾದ್ಮೇಲೇ ಅವ್ನು ಕೈ ಹಾಕೋದು. ಇಂಥ ಗಂಡು ಸಿಗ್ಬೇಕಂದ್ರೆ ಪುಣ್ಯ ಮಾಡಿರ್ಬೇಕು."

ನಿಜವೇ. ರೆಸಾರ್ಟಿನಲ್ಲಿ ಹೊಸ ಅಡುಗೆ ಮಾಡಿದಾಗಲೆಲ್ಲ ಅನಿಲ್ ತಟ್ಟೆಯನ್ನು ಅವಳ ಕಡೆ ತಳ್ಳುತ್ತಿದ್ದ. "ಯು ಫಸ್ಟ್," ಎಂದು ನಗುತ್ತಿದ್ದ. ಅವಳು ತಿನ್ನುವುದನ್ನು ಗಲ್ಲಕ್ಕೆ ಕೈಯಿಟ್ಟು ನೋಡುತ್ತಿದ್ದ. ಎಂಜಲಾಗದ ಮೊದಲ ತುತ್ತು ತನಗೇ ಸಿಗುತ್ತದಲ್ಲ ಎಂದು ವಿನುತಾಳಿಗೂ ಸಮಾಧಾನವಿತ್ತು. ಬರುವ ಶ್ರಾವಣ ಸೋಮವಾರ ವೀಳ್ಯ ಬದಲಾಯಿಸುವುದೆಂದು ಎರಡೂ ಮನೆಯವರು ಮಾತಾಡಿಕೊಂಡಿದ್ದರು. ಅವಳ ಬಾಯಿಂದ ಹೂಂ ಎನ್ನುವುದೊಂದೇ ಬಾಕಿ.

ಬೀರಗುಂದ ಅವಳದೇ ಊರು. ಏಚರಸನ ನೆನಪಿನ ಕಲ್ಲು ನಿಂತಿರುವುದೂ ಅಲ್ಲೇ, ಬಸವಣ್ಣನ ಗುಡಿಯ ಹಿಂದೆ. ಅದರ ಬಗ್ಗೆ ಅವಳು ಬರೆದ ನಾಟಕವನ್ನು ರೆಸಾರ್ಟಿನ ಸಂಜೆಯ ಆಟಕ್ಕೆ ಅನಿಲ್ ಕೇಳಿ ಪಡೆದಿದ್ದ. ಆಮೇಲೆ ಅದಕ್ಕೆ 'ಸ್ವಲ್ಪ ಲವ್' ಸೇರಿಸಿದ್ದ. ಆ ಸ್ವಲ್ಪದಲ್ಲಿ ಏಚರಸನಿಗೊಬ್ಬಳು ನರ್ತಕಿ ಹುಟ್ಟಿಕೊಂಡಿದ್ದಳು. ಅಣ್ಣ ಬಮ್ಮರಸನ ಎದುರಿಗೆ ತನ್ನ ಎಲೆಯ ಮೊದಲ ತುತ್ತನ್ನು ಏಚರಸ ಅವಳ ಬಾಯಿಗಿಡುತ್ತಾನೆ. ಮೇಲಿನಿಂದ ಥರ್ಮೋಕೋಲ್ ಹೂ ಉದುರುತ್ತವೆ.

"ಮೊದಲ ತುತ್ತು ಊರಿನ ಪದ್ಧತೀಲಿ ಇರೋದೇ ತಾನೆ?" ಎಂದಿದ್ದ ಅನಿಲ್. "ನಾನು ಏನೂ ಹೊಸದು ಮಾಡಿಲ್ಲ. ಕಪಲ್ಸ್ ಕೂಡ ಸ್ಟೇಜಿಗೆ ಬಂದು ಮಾಡಬಹುದು."

ಪದ್ಧತಿ ಇದ್ದದ್ದು ಹೌದು. ವರ್ಷಕ್ಕೊಮ್ಮೆ ಕಲ್ಲಿನ ಪೂಜೆಯ ದಿನ ಊರಿನ ಇಬ್ಬರು ಗಂಡಸರು ಒಂದೇ ಹಲಗೆಯ ಮೇಲೆ ಕೂತು ಒಂದೇ ಎಲೆಯಲ್ಲಿ ಉಣ್ಣಬೇಕು. ಒಬ್ಬ ಹಿರಿಯ, ಒಬ್ಬ ಕಿರಿಯ. ಕಿರಿಯನದು ಮೊದಲ ತುತ್ತು. ವಿನುತಾಳ ಅಪ್ಪ ಬದುಕಿದ್ದಷ್ಟು ದಿನವೂ ಕಿರಿಯನ ಜಾಗದಲ್ಲಿ ಕೂತವರು. ತಮ್ಮನ ಮೇಲೆ ಅಣ್ಣನಿಗೆ ಎಷ್ಟು ಮಮತೆ ಎಂದು ಊರವರು ಕಣ್ಣು ಒರೆಸಿಕೊಳ್ಳುತ್ತಿದ್ದರು. ವಿನುತಾಳಿಗೆ ಮಾತ್ರ, ಅಪ್ಪನ ಎಂಜಲು ಬೆರಳು ತಾಕಿದ ಅನ್ನಕ್ಕೆ ಇನ್ನೊಬ್ಬರು ಕೈ ಹಾಕುವುದನ್ನು ನೋಡಲಾಗದೆ ತಲೆ ತಿರುಗುತ್ತಿತ್ತು.

ಮರುದಿನ ದೀಕ್ಷಿತ್ ಕಾಲೇಜಿನ ಗೇಟಿನಲ್ಲಿ ನಿಂತಿದ್ದ. ಮೀಸೆಯಿಲ್ಲದೆ ಅವನು ಇನ್ನೂ ಚಿಕ್ಕವನಂತೆ ಕಾಣುತ್ತಿದ್ದ. ಅಂಗಿಯ ಮೇಲೆ ಅರಿಶಿನದ ಕಲೆ.

"ಮೇಡಂ, ನಾನು ಯಾರ ಪಾರ್ಟು ಮಾಡ್ತಾ ಇದ್ದೇನೆ ಅಂತ ನೋಡ್ಬೇಕಿತ್ತು. ಕಲ್ಲು ತೋರಿಸ್ತೀರಾ?"

"ಅನಿಲ್ ಅವ್ರ ಬ್ರೋಷರಲ್ಲಿ ಫೋಟೋ ಇದೆಯಲ್ಲ."

"ಅದು ನನ್ನದೇ ಫೋಟೋ."

ಅವಳಿಗೆ ನಗು ಬಂತು. ನಗಬಾರದೆಂದು ತುಟಿ ಬಿಗಿದಳು. ಅವನು ಅದನ್ನು ಕಂಡ, ಕಂಡದ್ದನ್ನು ಮುಚ್ಚಿಡಲು ಆಕಾಶ ನೋಡಿದ. ಹಾಗೆ ಮುಚ್ಚಿಟ್ಟದ್ದು ಅವಳಿಗೆ ಇಷ್ಟವಾಯಿತು. ಇಷ್ಟವಾದದ್ದಕ್ಕೆ ಸಿಟ್ಟೂ ಬಂತು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನು ತಿನ್ನುತ್ತಲೇ ಇದ್ದ. ಕಡಲೆಕಾಯಿ, ಆಮೇಲೆ ಚಕ್ಕುಲಿ, ಆಮೇಲೆ ಉಪ್ಪು-ಖಾರದ ಸೀಬೆಹಣ್ಣು. ಶಾಲೆಗಳಲ್ಲಿ ಮಕ್ಕಳಿಗೆ ನಾಟಕ ಕಲಿಸುವುದು ತನ್ನ ಕೆಲಸವೆಂದೂ, ಬಿಡುವಿನಲ್ಲಿ ರೆಸಾರ್ಟುಗಳಲ್ಲಿ ಅರಸನಾಗುವುದೆಂದೂ ಹೇಳಿದ. ಊರಿನಿಂದ ಫೋನ್ ಬಂದಾಗ "ಊಟ ಆತ್ ಅವ್ವಾ" ಎಂದು ಅರೆಭಾಷೆಯಲ್ಲಿ ಸುಳ್ಳು ಹೇಳಿದ.

"ಊಟ ಎಲ್ಲಿ ಆಯ್ತು?"

"ನಿಮ್ಮ ಎದುರೇ ಆಯ್ತಲ್ಲ ಇಷ್ಟೊತ್ತು."

ಗುಡಿಯ ಹಿಂದೆ ಕಾಫಿ ಗಿಡಗಳ ಮಧ್ಯೆ ಕಲ್ಲು ನಿಂತಿತ್ತು. ಎದೆಯೆತ್ತರ. ಮೇಲೆ ಒಂದೇ ಕೊಡೆ, ಕೆಳಗೆ ಒಂದೇ ಹಲಗೆ, ಹಲಗೆಯ ಮೇಲೆ ಇಬ್ಬರು, ಇಬ್ಬರ ನಡುವೆ ಒಂದು ಎಲೆ. ಹಿರಿಯನ ಬಲಗೈ ತೊಡೆಯ ಮೇಲೆ. ಕಿರಿಯನ ಬಲಗೈ ಬಾಯಿಯ ಹತ್ತಿರ. ಎಡಗೈಯಲ್ಲಿ ಒಂದು ನಾಯಿಯ ಹಗ್ಗ.

ದೀಕ್ಷಿತ್ ಚಪ್ಪಲಿ ಬಿಟ್ಟು ಕುಕ್ಕರಗಾಲಲ್ಲಿ ಕೂತು ನೋಡಿದ. ಈಗ ಅವನ ಬಾಯಿ ಏನನ್ನೂ ಅಗಿಯುತ್ತಿರಲಿಲ್ಲ.

"ಎಷ್ಟು ಸಣ್ಣವ."

"ಹನ್ನೆರಡಕ್ಕೆ ಪಟ್ಟ ಕಟ್ಟಿದ್ರು ಅಂತಾರೆ. ಮಲತಾಯಿ ಮಗ. ದೂರದಲ್ಲಿ ಸೋದರಮಾವನ ಮನೇಲಿ ದನ ಮೇಯಿಸ್ಕೊಂಡು ಇದ್ದ. ಅಣ್ಣನೇ ಹುಡುಕಿಸಿ, ಕರೆಸಿ, ಅರ್ಧ ರಾಜ್ಯ ಕೊಟ್ಟ. ಯುದ್ಧಕ್ಕೆ ಯಾವತ್ತೂ ಕಳಿಸ್ಲಿಲ್ಲ. ತನ್ನ ಪಕ್ಕ ಬಿಟ್ಟು ಏಳೋಕೇ ಬಿಡ್ತಿರಲಿಲ್ಲವಂತೆ. ಹುಡುಗ ಹತ್ತೊಂಬತ್ತಕ್ಕೆ ಹೋಗ್ಬಿಟ್ಟ."

"ಹೇಗೆ?"

"ಊಟಕ್ಕೆ ಕೂತಿದ್ದವನು ಹಾಗೇ ಶಿವನ ಪಾದ ಸೇರಿದ ಅಂತಾರೆ."

"ಕೂತ್ಕೊಳ್ಳಿ," ಎಂದ ದೀಕ್ಷಿತ್.

"ಎಲ್ಲಿ?"

"ನನ್ನ ಹತ್ರ. ನೀವು ಅಣ್ಣ, ನಾನು ತಮ್ಮ. ಕೂತು ನೋಡದೆ ನಂಗೆ ಪಾರ್ಟು ತಲೆಗೆ ಹತ್ತುದಿಲ್ಲ."

ಅವಳು ಕರ್ಚೀಫು ಹಾಸಿ ಕೂತಳು. ಅವನ ಭುಜ ಅವಳ ಭುಜಕ್ಕೆ ತಾಗಿತು. ಸೀಬೆಹಣ್ಣು, ಬೆವರು, ಮಳೆನೀರಿನ ವಾಸನೆ. ಮೂಗು ಸುಮ್ಮನಿತ್ತು. ಯಾಕೆ ಸುಮ್ಮನಿದೆ ಎಂದು ವಿನುತಾಳಿಗೇ ಗಾಬರಿಯಾಯಿತು.

ಅವನು ಎಡಗೈಯಲ್ಲಿ ಇಲ್ಲದ ನಾಯಿಯ ಹಗ್ಗ ಹಿಡಿದ. ಬಲಗೈಯಿಂದ ಸೀಬೆಹಣ್ಣು ಬಾಯಿಗಿಟ್ಟು ಒಂದು ಚೂರು ಕಚ್ಚಿದ.

"ಈಗ ಅಣ್ಣ ಎಂತ ಮಾಡ್ಬೇಕು?"

"ಕಾಯ್ಬೇಕು. ಪೂಜೆ ದಿನ ಗುಡಿ ಅಯ್ಯನವರು ಗಂಟೆ ಬಾರಿಸ್ತಾರೆ. ಗಂಟೆ ನಿಲ್ಲೋ ತನಕ ಹಿರಿಯ ಎಲೆಗೆ ಕೈ ಹಾಕೋ ಹಾಗಿಲ್ಲ. ಕಿರಿಯನ ಮುಖ ನೋಡ್ತಾ ಕೂರ್ಬೇಕು."

"ತುಂಬ ಹೊತ್ತಾ?"

"ತುಂಬಾನೇ ಹೊತ್ತು. ಅಪ್ಪಂಗೆ ಕಾಲು ಜೋಮು ಹಿಡಿಯೋದು."

"ಪ್ರೀತಿ ಇದ್ದವ ಯಾಕೆ ಅಷ್ಟೊತ್ತು ಮುಖ ನೋಡ್ಕೊಂಡು ಕೂರ್ತಾನೆ? ಹೊಟ್ಟೆ ಹಸಿದಿದ್ರೆ ಒಟ್ಟಿಗೆ ತಿನ್ಬಹುದಲ್ಲ."

ಅವನು ಸುಮ್ಮನೆ ಕೇಳಿದ್ದ. ವಿನುತಾ ಕಲ್ಲಿನ ಕಡೆ ಬಾಗಿ ನೋಡಿದಳು. ದೂರದಲ್ಲಿ ದನ ಮೇಯಿಸುತ್ತಿದ್ದ ಹುಡುಗ, ಯಾರಿಗೂ ಬೇಡದವನು. ಕರೆಸಿದ್ದು ಯಾಕೆ? ಯುದ್ಧಕ್ಕೆ ಕಳಿಸದೆ, ಪಕ್ಕ ಬಿಟ್ಟು ಏಳಲು ಬಿಡದೆ ಸಾಕಿದ್ದು ಯಾಕೆ? ಹಿರಿಯನ ತೊಡೆಯ ಮೇಲಿನ ಆ ಕೈಯನ್ನು ಅವಳು ಚಿಕ್ಕಂದಿನಿಂದ ನೋಡಿದ್ದಳು. ತಾಳ್ಮೆಯ ಕೈ ಎಂದುಕೊಂಡಿದ್ದಳು.

"ವಿಷ," ಎಂದಳು. ಅವಳ ದನಿ ಅವಳಿಗೇ ಬೇರೆಯಾಗಿ ಕೇಳಿಸಿತು. "ವಿಷ ಇದೆಯೋ ಇಲ್ವೋ ಅಂತ ನೋಡ್ತಿದ್ದ. ಬದುಕ್ತಾನೋ ಇಲ್ವೋ ಅಂತ ಕಾಯ್ತಿದ್ದ. ಪ್ರತಿದಿನ, ಪ್ರತಿ ಊಟಕ್ಕೆ. ಅದಕ್ಕೇ ಪಟ್ಟ ಕಟ್ಟಿದ್ದು."

ಕಾಫಿ ಎಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ದೀಕ್ಷಿತ್ ಕೈಯಲ್ಲಿದ್ದ ಸೀಬೆಹಣ್ಣನ್ನು ನೋಡಿದ.

"ಅವನಿಗೆ ಗೊತ್ತಿತ್ತಾ?"

ವಿನುತಾ ನಾಯಿಯನ್ನು ತೋರಿಸಿದಳು. ಬೇಟೆನಾಯಿ ಎಂದು ಊರೆಲ್ಲ ಹೇಳುತ್ತಿದ್ದ ನಾಯಿ. ಅದರ ಮೂತಿ ಎಲೆಯ ಕಡೆಗಿತ್ತು, ಕತ್ತು ಹಿಂದಕ್ಕೆ ಜಗ್ಗಿತ್ತು. ಕಿರಿಯನ ಎಡಗೈ ಹಗ್ಗವನ್ನು ಬಿಗಿಯಾಗಿ ಹಿಂದಕ್ಕೆಳೆದಿತ್ತು.

"ಗೊತ್ತಿತ್ತು. ನಾಯಿಗೆ ಹಾಕಿ ನೋಡ್ಬಹುದಿತ್ತು ಅವನು. ಹಾಕ್ಲಿಲ್ಲ. ಅದನ್ನ ತಡೆದು ಹಿಡ್ಕೊಂಡು ತಾನೇ ತಿಂದ."

ಅವಳಿಗೆ ಮೈಯೆಲ್ಲ ಹೇಸಿಗೆ ಮೆತ್ತಿದಂತಾಗಿತ್ತು. ಕಣ್ಣೀರು ಹಾಕಿ ನೋಡುವ ಊರಿನ ಮೇಲೆ, ಪದಕ ಸಿಕ್ಕಂತೆ ಎದೆಯುಬ್ಬಿಸಿ ಕೂರುತ್ತಿದ್ದ ಅಪ್ಪನ ಮೇಲೆ, ಇಷ್ಟು ವರ್ಷ ಕಣ್ಣೆದುರಿಗಿದ್ದದ್ದನ್ನು ಓದದ ತನ್ನ ಇತಿಹಾಸದ ಮೇಲೆ.

"ನಾಯಿಗೂ ಕೊಡದ ತುತ್ತನ್ನ," ಎಂದ ದೀಕ್ಷಿತ್ ಮೆಲ್ಲಗೆ, "ನಾನು ದಿನಾ ಸಂಜೆ ಒಂದು ಹುಡುಗಿ ಬಾಯಿಗೆ ಇಡ್ಬೇಕಾ?"

ಅವಳು ಅವನ ಮುಖ ನೋಡಿದಳು. ಅವನ ಮೂಗೂ ಸುಕ್ಕುಗಟ್ಟಿತ್ತು. ತನ್ನ ಅಸಹ್ಯಕ್ಕೆ ಜೊತೆಗಾರನೊಬ್ಬ ಸಿಕ್ಕಿದ್ದು ಅವಳ ಬದುಕಿನಲ್ಲಿ ಅದೇ ಮೊದಲು.

ರೆಸಾರ್ಟಿನಲ್ಲಿ ವಿನುತಾ ಹೇಳಿದ್ದನ್ನೆಲ್ಲ ಅನಿಲ್ ಕೇಳಿಸಿಕೊಂಡ. ಅವನು ಒಳ್ಳೆಯ ಕೇಳುಗ. ಮಧ್ಯೆ ಬಾಯಿ ಹಾಕುವುದಿಲ್ಲ.

"ತುಂಬ ಇಂಟರೆಸ್ಟಿಂಗ್," ಎಂದ ಕೊನೆಗೆ. "ಆದ್ರೆ ವಿನುತಾ, ಹನಿಮೂನಿಗೆ ಬಂದವ್ರಿಗೆ ವಿಷದ ಕಥೆ ಹೇಳೋಕಾಗುತ್ತಾ? ಇನ್ನೊಂದು ಐಡಿಯಾ ಇದೆ. ಶನಿವಾರ ನಾಟಕದ ಓಪನಿಂಗ್. ಎರಡೂ ಮನೆಯವರು ಬರ್ತಾರೆ. ತುತ್ತಿನ ಸೀನಿಗೆ ನಾನೇ ಕಿರೀಟ ಹಾಕ್ಕೊಂಡು ಬರ್ತೀನಿ. ನರ್ತಕಿ ಬದಲು ನೀನು. ಎಲ್ಲರ ಎದುರು ನಾನು ತುತ್ತು ಕೊಡ್ತೀನಿ, ನೀನು ತಿಂತೀಯ. ವೀಳ್ಯಕ್ಕಿಂತ ಮೊದಲೇ ನಿನ್ನ ಒಪ್ಪಿಗೆ ಎಲ್ಲರಿಗೂ ತಿಳಿದ ಹಾಗಾಗುತ್ತೆ."

ಅಷ್ಟರಲ್ಲಿ ಅಡುಗೆಯವರು ಹೊಸ ಹಲ್ವದ ಬಟ್ಟಲು ತಂದಿಟ್ಟರು. ಅನಿಲ್ ಅದನ್ನು ಅವಳ ಕಡೆ ತಳ್ಳಿದ.

"ಯು ಫಸ್ಟ್."

ಗಲ್ಲಕ್ಕೆ ಕೈಯಿಟ್ಟು ಅವಳ ಮುಖ ನೋಡುತ್ತ ಕೂತ. ವಿನುತಾಳ ಕೈ ಚಮಚದ ಮೇಲೆ ನಿಂತಿತು. ಇವನು ಯಾವತ್ತಾದರೂ, ಒಂದೇ ಒಂದು ಸಲ, ಕಾಯದೆ ತಿಂದಿದ್ದಾನೆಯೇ? ಇಲ್ಲವೆಂದು ಅವಳಿಗೆ ಗೊತ್ತಿತ್ತು. ಅಮ್ಮ ದಿನಾ ಹಾಡಿ ಹೊಗಳುವುದೂ ಅದನ್ನೇ. ಆದರೂ ಒಬ್ಬ ಮನುಷ್ಯನನ್ನು ಹಲ್ವದ ಬಟ್ಟಲಿನಿಂದ ಅಳೆಯಬಾರದು ಎಂದು ತನಗೆ ತಾನೇ ಹೇಳಿಕೊಂಡಳು. ಹೊಟ್ಟೆ ಸರಿಯಿಲ್ಲವೆಂದು ಎದ್ದಳು.

ಹೊಟ್ಟೆ ಸರಿಯಿಲ್ಲದವನು ಇನ್ನೊಬ್ಬನಿದ್ದ. ಗುರುವಾರದ ರಿಹರ್ಸಲಿನಲ್ಲಿ ದೀಕ್ಷಿತ್ ವೇದಿಕೆ ಹತ್ತಲಿಲ್ಲ. ನರ್ತಕಿಯ ಪಾತ್ರದ ಐಶ್ವರ್ಯ ಹೇಳಿದಳು. "ಬುಧವಾರ ಎಲೆ ಮೇಲಿದ್ದ ಅನ್ನ ಹಿಂದಿನ ದಿನದ್ದು ಅಕ್ಕಾ. ಹೊಳೀಲಿ ಅಂತ ಫೋಟೋದವ್ರು ಏನೋ ಸ್ಪ್ರೇ ಬೇರೆ ಹೊಡ್ದಿದ್ರು. ದೀಕ್ಷಿತ್ ತುತ್ತು ಎತ್ತಿ, ಅರ್ಧ ತಾನೇ ಬಾಯಿಗೆ ಹಾಕ್ಕೊಂಡ. ಆಮೇಲೆ ನಂಗೆ ಕೊಡ್ಲೇ ಇಲ್ಲ. ಹಳಸಿದೆ ಅಂದ. ಸೀನ್ ಹಾಳಾಯ್ತು ಅಂತ ಅನಿಲ್ ಸರ್ ಬೈದ್ರು."

ವಿನುತಾ ಅವನನ್ನು ಹುಡುಕಿದಳು. ಅವನು ಅಡುಗೆಮನೆಯ ಹಿಂದೆ ಅದೇ ಕ್ರೇಟಿನ ಮೇಲೆ, ಹೊಟ್ಟೆ ಹಿಡಿದುಕೊಂಡು, ಒಆರ್‌ಎಸ್ ಕುಡಿಯುತ್ತಿದ್ದ.

"ಬುದ್ಧಿ ಇದೆಯೇನ್ರೀ ನಿಮಗೆ? ವಾಸನೆ ನೋಡಿದ್ರೆ ಗೊತ್ತಾಗಲ್ವಾ?"

"ನಿಮ್ಮಂಥ ಮೂಗು ಎಲ್ಲರಿಗೂ ಕೊಟ್ಟಿಲ್ಲ ದೇವ್ರು."

"ತಮಾಷೆ ಬೇಡ. ಯಾಕೆ ತಿಂದ್ರಿ?"

ಅವನು ಲೋಟ ತಿರುಗಿಸುತ್ತ ಕೂತ. ಈ ಸಲ ಅವಳಿಗೆ ಚಾಚಲಿಲ್ಲ.

"ಆ ಕಲ್ಲು ನೋಡಿದ ಮೇಲೆ ಕೈ ಮುಂದೆ ಹೋಗ್ತಾ ಇಲ್ಲ," ಎಂದ. "ಬೇರೆಯವರ ಬಾಯಿ ತನಕ ಹೋಗುದಿಲ್ಲ, ಮಧ್ಯದಲ್ಲೇ ತಿರುಗಿ ನನ್ನ ಕಡೆ ಬರ್ತದೆ. ಎಂತ ಮಾಡುದು?" ಆಮೇಲೆ ತಲೆಯೆತ್ತದೆ ಕೇಳಿದ. "ಶನಿವಾರ ನೀವು ತಿಂತೀರಂತೆ, ಹೌದಾ?"

"ಅಮ್ಮನಿಗೆ ಆಸೆ ಇದೆ."

"ನಿಮಗೆ?"

ಇನ್ನೊಂದು ಮಾತು ಅವನು ಕೇಳಿದ್ದರೆ ವಿನುತಾಳ ಉತ್ತರ ಬಂದೇಬಿಡುತ್ತಿತ್ತು. ಅವನು ಕೇಳಲಿಲ್ಲ. ಅವಳು ಅವನ ಕೈಯಿಂದ ಖಾಲಿ ಲೋಟವನ್ನು ತೆಗೆದುಕೊಂಡು ಹೋಗಿ ತೊಳೆದಿಟ್ಟಳು. ಎಂಜಲು ಲೋಟ ಮುಟ್ಟಿದೆನಲ್ಲ ಎಂಬುದು ಮನೆಗೆ ಬಂದು ಕಾಲು ತೊಳೆಯುವಾಗ ನೆನಪಾಯಿತು.

ಶನಿವಾರ ಸಂಜೆ. ಬಣ್ಣದ ದೀಪಗಳು, ಬಾಡಿಗೆ ಕುರ್ಚಿಗಳು, ಸೆಂಟಿನ ಘಾಟು. ಮೊದಲ ಸಾಲಿನಲ್ಲಿ ಹೊಸ ಸೀರೆಯುಟ್ಟ ಸರ್ವಮಂಗಳಮ್ಮ. ವೇದಿಕೆಯ ಮೇಲೆ ಬಾಳೆಎಲೆ. ಎಲೆಯ ಮೇಲೆ ಬೆಳಗಿನಿಂದ ದೀಪದ ಕಾವಿಗೆ ಕೂತ ತುಪ್ಪದನ್ನ, ಕನ್ನಡಿಯಂತೆ ಹೊಳೆಯುತ್ತಿತ್ತು. ಒಂದು ನೊಣ ಅದರ ಮೇಲೆ ಕೂತು, ಕಾಲು ಕಿತ್ತುಕೊಳ್ಳಲಾಗದೆ ಒದ್ದಾಡುತ್ತಿತ್ತು. ವಿನುತಾಳಿಗೆ ನೋಟ ಕೀಳಲಾಗಲಿಲ್ಲ.

ತುತ್ತಿನ ದೃಶ್ಯ ಬಂತು. ಅಮ್ಮನ ಆಸೆಗೆ ಒಪ್ಪಿದ್ದ ವಿನುತಾ ವೇದಿಕೆಯ ಹಲಗೆಯ ಮೇಲೆ ಹೋಗಿ ಕೂತಳು. ದೀಕ್ಷಿತ್ ತನ್ನ ಕಿರೀಟ ತೆಗೆದು ಅನಿಲನಿಗೆ ಕೊಟ್ಟು ಒಳಗೆ ಹೋದ. ಹೋಗುವಾಗ ಅವಳ ಕಡೆ ನೋಡಲಿಲ್ಲ. ನೋಡಬಾರದೆಂದು ಎಷ್ಟು ಬಿಗಿಯಾಗಿ ಕತ್ತು ಹಿಡಿದಿದ್ದನೆಂದರೆ, ಪರದೆಯ ಹಗ್ಗಕ್ಕೆ ಎಡವಿದ.

ಅನಿಲ್ ಹಲಗೆಯ ಮೇಲೆ ಅವಳ ಪಕ್ಕ ಕೂತ. ನಿಂಬೆಯ ಪರಿಮಳ. ಸ್ವಚ್ಛವಾದ ಬೆರಳುಗಳು ನೊಣವನ್ನು ಬಿಟ್ಟು ಪಕ್ಕದ ಅನ್ನವನ್ನು ಉಂಡೆ ಮಾಡಿ ಅವಳ ತುಟಿಯ ಹತ್ತಿರ ತಂದವು. ಕ್ಯಾಮೆರಾಗಳು ಮೇಲೆದ್ದವು.

"ನುಂಗ್ಬೇಡ," ಎಂದ ಅನಿಲ್ ನಗುಮುಖ ಕದಲಿಸದೆ, ಅವಳಿಗಷ್ಟೇ ಕೇಳುವಂತೆ. "ಸ್ಪ್ರೇ ಹೊಡೆದಿದೆ. ಬಾಯಲ್ಲಿ ಇಟ್ಕೊಂಡಿರು, ಆಮೇಲೆ ಉಗುಳಿದ್ರಾಯ್ತು."

ಅವನಿಗೆ ಗೊತ್ತಿತ್ತು.

ವಿನುತಾಳ ಮೂಗು ಸುಕ್ಕುಗಟ್ಟಿತು. ಈ ಸಲ ಅದು ಮುಖವನ್ನೆಲ್ಲ ಹಿಡಿದುಕೊಂಡಿತು. ಅನ್ನ ಹಳಸಿದ್ದಕ್ಕಲ್ಲ; ಈ ಬೆರಳುಗಳು ಇಷ್ಟು ಸ್ವಚ್ಛವಾಗಿ ಉಳಿದದ್ದು ಹೇಗೆಂದು ಅವಳಿಗೆ ತಿಳಿದಿತ್ತು.

"ಮೊದಲು ನೀವು," ಎಂದಳು, ಎಲ್ಲರಿಗೂ ಕೇಳುವಂತೆ.

ಸಭೆಯಲ್ಲಿ ನಗು ಹರಡಿತು. ಚಪ್ಪಾಳೆಯೂ ಬಿತ್ತು. ಅನಿಲ್ ನಕ್ಕ.

"ಇಲ್ಲ ಇಲ್ಲ. ನಮ್ಮ ಪದ್ಧತಿ, ಯು ಫಸ್ಟ್."

"ನೀವು ತಿನ್ನಿ ಅನಿಲ್. ಒಂದು ಅಗುಳು. ಆಮೇಲೆ ನಾನು ತಿಂತೀನಿ."

ಅವಳು ನಿಜವಾಗಿಯೂ ತಿನ್ನುತ್ತಿದ್ದಳು. ಅವನು ಒಂದೇ ಒಂದು ಅಗುಳನ್ನು ನಾಲಿಗೆಗೆ ತಾಗಿಸಿದ್ದರೂ, ಈಗಷ್ಟೇ ಕೊಟ್ಟ ಮಾತಿಗಾಗಿ, ಅಮ್ಮನ ಹೊಸ ಸೀರೆಗಾಗಿ ತಿಂದು ಬಿಡುತ್ತಿದ್ದಳು. ಅನಿಲನ ಕೈ ಅವಳ ತುಟಿಯ ಮುಂದೆ ನಿಂತೇ ಇತ್ತು. ಅವನ ಇನ್ನೊಂದು ಕೈ ತೊಡೆಯ ಮೇಲಿತ್ತು. ಅವನು ಕಾಯುತ್ತಿದ್ದ.

ವಿನುತಾ ಅವನ ಮಣಿಕಟ್ಟು ಹಿಡಿದು, ತುತ್ತನ್ನು ಎಲೆಗೆ ಮರಳಿಸಿದಳು.

"ನಂಗೆ ಈ ಸಂಬಂಧ ಬೇಡ," ಎಂದಳು. "ಕ್ಷಮಿಸಿ."

ನಾಟಕದಲ್ಲಿ ಹೀಗೇ ಇರಬೇಕೆಂದು ಹಿಂದಿನ ಸಾಲಿನ ಜೋಡಿಗಳು ಸಿಳ್ಳೆ ಹೊಡೆದವು. ಮೇಲಿನಿಂದ ಯಾರೋ ಹಗ್ಗ ಎಳೆದರು. ಥರ್ಮೋಕೋಲ್ ಹೂಗಳು ಅನಿಲನ ಕಿರೀಟದ ಮೇಲೆ, ಹಳಸಿದ ಅನ್ನದ ಮೇಲೆ, ನೊಣದ ಮೇಲೆ ಉದುರಿದವು.

ಅಡುಗೆಮನೆಯ ಹಿಂದೆ ದೀಕ್ಷಿತ್ ವೇಷ ಕಳಚಿ ಕೂತಿದ್ದ. ತೊಡೆಯ ಮೇಲೆ ಊರಿನಿಂದ ಬಂದ ಬುತ್ತಿ. ಬಾಳೆಎಲೆಯಲ್ಲಿ ಸುತ್ತಿದ ಅಕ್ಕಿ ರೊಟ್ಟಿ, ಕಣಿಲೆ ಪಲ್ಯ. ಅದರ ಹುಳಿವಾಸನೆ ಮೂರು ಸಿಲಿಂಡರು ದಾಟಿ ಬರುತ್ತಿತ್ತು.

ಅವಳನ್ನು ಕಂಡು ಅವನು ಎದ್ದ. ಏನೋ ಕೇಳಲು ಹೊರಟ. ಅವಳ ಹಿಂದೆಯೇ ಸರ್ವಮಂಗಳಮ್ಮ ಸೆರಗು ಎಳೆದುಕೊಳ್ಳುತ್ತ ಬಂದದ್ದು ನೋಡಿ ಬಾಯಿ ಮುಚ್ಚಿದ.

"ಏನ್ ಮಾಡ್ದೆ ನೀನು?" ಎಂದರು ಅಮ್ಮ. "ಅಷ್ಟು ಜನದ ಎದುರು ನಮ್ಮ ಮಾನ ಏನಾಯ್ತು?"

"ಅಮ್ಮ, ಅವ್ರು ತಿನ್ಲಿಲ್ಲ."

"ಏನಂದೆ?"

"ಅದು ತಿನ್ನೋ ಹಾಗಿರಲಿಲ್ಲ, ಅವ್ರಿಗೆ ಗೊತ್ತಿತ್ತು. ನನ್ನ ಬಾಯಿಗೆ ಇಡೋಕೆ ಬಂದ್ರು, ತಾವು ಒಂದು ಅಗುಳು ತಿನ್ಲಿಲ್ಲ. ನೀನೇ ಮುಂದೆ ಕೂತು ನೋಡ್ದೆಯಲ್ಲ."

ಸರ್ವಮಂಗಳಮ್ಮ ನೋಡಿದ್ದರು. ನೋಡಿದ್ದನ್ನು ಈಗ ಮತ್ತೊಮ್ಮೆ ನೋಡುತ್ತಿರುವಂತೆ ಅವರ ಕಣ್ಣು ನೆಲದ ಮೇಲೆ ನಿಂತಿತು. ಹತ್ತಿರದ ಸಿಲಿಂಡರಿನ ಮೇಲೆ ಮೆಲ್ಲಗೆ ಕೂತರು.

"ನಿಮ್ಮಪ್ಪ," ಎಂದರು, "ಸಾರು ಕೆಟ್ಟಿದ್ರೆ ನಂಗೆ ಮುಟ್ಟೋಕೆ ಬಿಡ್ತಿರ್ಲಿಲ್ಲ. ಒಲೆ ಹತ್ರನೇ ಬಂದು ಮೊದ್ಲು ತಾವು ಕುಡಿದು ನೋಡೋರು. ಗಂಡಸಿಗೆ ಎಷ್ಟು ಆತುರ ಅಂತ ಬೈತಿದ್ದೆ ನಾನು." ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ದೀಕ್ಷಿತನ ಕಡೆ ತಿರುಗಿದರು. "ಇವನ್ಯಾರು?"

"ಕಿರಿಯ," ಎಂದಳು ವಿನುತಾ.

ಅವಳು ಹೋಗಿ ಅವನ ಪಕ್ಕ, ಕ್ರೇಟಿನ ಮೇಲೆ ಕೂತಳು. ಕರ್ಚೀಫು ಹಾಸಲಿಲ್ಲ. ಅವನಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಕೈಗೆ ಕೆಲಸ ಬೇಕಾದಾಗ ಅವನಿಗೆ ಗೊತ್ತಿದ್ದದ್ದು ತಿನ್ನುವುದೊಂದೇ. ರೊಟ್ಟಿ ಮುರಿದು, ಪಲ್ಯ ಸೇರಿಸಿ, ಒಂದು ಚೂರು ಕಚ್ಚಿದ.

"ನಂಗೆ ಹಸಿವಾಗಿದೆ," ಎಂದಳು ಅವಳು.

"ಇದು ಕಣಿಲೆ. ನಿಮ್ಮ ಕಡೆ ಕಳಲೆ ಅಂತೀರಲ್ಲ, ಅದು. ವಾಸನೆ ಉಂಟು. ಬೇರೆ ರೊಟ್ಟಿ ಕೊಡ್ತೇನೆ, ಇದು ನಾನು ಕಚ್ಚಿದ್ದು."

"ಗೊತ್ತು."

"ಎಂಜಲು."

"ಗೊತ್ತು ಅಂದೆನಲ್ಲ."

ಅವನ ಬಾಯಿಯ ತುತ್ತು ಇನ್ನೂ ಗಂಟಲಿಗೆ ಇಳಿದಿರಲಿಲ್ಲ. ಅವನು ಅದನ್ನು ನುಂಗುವುದನ್ನೂ ಮರೆತು ಅವಳನ್ನು ನೋಡುತ್ತಿದ್ದ. ಕಣ್ಣಂಚಿನಲ್ಲಿ ಹಳೆಯ ತುಂಟತನ ಮೆಲ್ಲಗೆ ಮರಳಿತು.

"ಗಂಟೆ ನಿಲ್ಲುವ ತನಕ ಕಾಯುದಿಲ್ವಾ? ನಾನು ಬದುಕ್ತೇನಾ ನೋಡಿ ಆಮೇಲೆ…"

ಅವನ ಕೈಯಿಂದ ಆ ಕಚ್ಚಿದ ಚೂರನ್ನು ತೆಗೆದುಕೊಂಡು ವಿನುತಾ ಬಾಯಿಗಿಟ್ಟಳು. ಕಣಿಲೆಯ ಘಾಟಿಗೆ ಮೂಗು ಸುಕ್ಕುಗಟ್ಟಿತು, ಕಣ್ಣಲ್ಲಿ ನೀರು ಬಂತು. ಅಗಿದಳು, ನುಂಗಿದಳು. ಇನ್ನೊಂದು ಚೂರಿಗೆ ಕೈ ಚಾಚಿದಳು.

"ಇಲ್ಲ," ಎಂದಳು. "ಕಾಯೋದಿಲ್ಲ."